ರೈಲಿನಿಂದ ಬಿದ್ದು ಅಣ್ಣ ಹೋದ ಮೇಲೆ: ಪರಿಹಾರದ ಕೇಸು ನಡೆಸಿದ ನಮ್ಮ ಅನುಭವ

ಅಣ್ಣನ ಕೇಸಿನ ದುಡ್ಡು ಹೋದ ತಿಂಗಳು ಅತ್ತಿಗೆಯ ಖಾತೆಗೆ ಬಂತು. ಅಣ್ಣ ರೈಲಿನಿಂದ ಬಿದ್ದು ತೀರಿಕೊಂಡಿದ್ದು 2023ರ ಆಗಸ್ಟ್‌ನಲ್ಲಿ. ಅಲ್ಲಿಂದ ಇಲ್ಲಿವರೆಗೆ ಠಾಣೆ, ಆಸ್ಪತ್ರೆ, ಪಂಚಾಯ್ತಿ, ನಾಡಕಚೇರಿ, ಬ್ಯಾಂಕು, ರೈಲ್ವೆ ಪರಿಹಾರದ ಕೇಸು ನಡೆಸುವ ಟ್ರಿಬ್ಯೂನಲ್ ಅಂತ ಅಲೆದಿದ್ದೇ ಅಲೆದಿದ್ದು. ಮನೆಯವರನ್ನು ಕಳೆದುಕೊಂಡ ಹೊತ್ತಲ್ಲಿ ಕಾನೂನು ಓದಿಕೊಂಡು ಕೂರುವ ಸ್ಥಿತಿಯಲ್ಲಿ ಯಾರೂ ಇರುವುದಿಲ್ಲ. ಆದರೆ ಇಂಥ ಕೇಸುಗಳಲ್ಲಿ ಮೊದಲ ಒಂದೆರಡು ವಾರದಲ್ಲಿ ಬರೆದ ಕಾಗದಗಳೇ ಕೊನೆವರೆಗೂ ಲೆಕ್ಕಕ್ಕೆ ಬರುತ್ತವೆ. ಇದು ಗೊತ್ತಿಲ್ಲದೆ ಪರಿಹಾರ ಕಳೆದುಕೊಂಡವರನ್ನು ಈ ಎರಡು ವರ್ಷದಲ್ಲಿ ಕಣ್ಣಾರೆ ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಗುಬ್ಬಿ ಹತ್ತಿರದ ಹಳ್ಳಿ. ಅಣ್ಣ ಪೀಣ್ಯದಲ್ಲಿ ಲೇತ್ ಮಷೀನ್ ಕೆಲಸ ಮಾಡುತ್ತಿದ್ದ. ಬೆಂಗಳೂರಲ್ಲಿ ಮನೆ ಮಾಡಿದರೆ ಬಾಡಿಗೆಗೇ ಅರ್ಧ ಸಂಬಳ ಹೋಗುತ್ತೆ ಅಂತ ದಿನಾ ರೈಲಲ್ಲೇ ಓಡಾಟ. ಮಾಸಿಕ ಪಾಸು ಮಾಡಿಸಿಕೊಂಡಿದ್ದ. ತುಮಕೂರು, ಗುಬ್ಬಿ, ತಿಪಟೂರು ಕಡೆಯಿಂದ ಹೀಗೆ ಓಡಾಡುವವರು ಸಾವಿರಾರು ಜನ ಇದ್ದಾರೆ. ಸಂಜೆ ಯಶವಂತಪುರದಲ್ಲಿ ಜನರಲ್ ಬೋಗಿ ಹತ್ತುವಾಗಲೇ ಕಾಲಿಡಲು ಜಾಗ ಇರುವುದಿಲ್ಲ. ಕೊನೆಗೆ ಹತ್ತಿದವರು ಬಾಗಿಲಲ್ಲೇ ನಿಲ್ಲಬೇಕು.

ಆ ರಾತ್ರಿ ಅಣ್ಣ ಮನೆಗೆ ಬರಲಿಲ್ಲ. ಫೋನ್ ಸ್ವಿಚ್ ಆಫ್. ಓವರ್ ಟೈಮ್ ಇರಬಹುದು ಅಂದುಕೊಂಡೆವು. ಹತ್ತು ಗಂಟೆಗೆ ಅವನ ಜೊತೆ ಓಡಾಡುವ ಒಬ್ಬರಿಗೆ ಫೋನ್ ಮಾಡಿದೆ. "ನಮ್ಮ ಬೋಗೀಲೇ ಇದ್ದರಲ್ಲ, ದಾಬಸ್‌ಪೇಟೆಯಲ್ಲಿ ನೋಡಿದೆ, ಬಾಗಿಲ ಹತ್ತಿರ ನಿಂತಿದ್ದರು. ಆಮೇಲೆ ಕಾಣಲಿಲ್ಲ, ಒಳಗೆ ಹೋಗಿರಬೇಕು ಅಂದುಕೊಂಡೆ" ಅಂದರು. ಆ ಮಾತು ಕೇಳಿದ ಮೇಲೆ ಅಮ್ಮ ಕೂತಲ್ಲೇ ಕೂತುಬಿಟ್ಟರು. ನಾನೂ ಪಕ್ಕದ ಮನೆಯ ಹುಡುಗನೂ ಬೈಕಲ್ಲಿ ಗುಬ್ಬಿ ಸ್ಟೇಷನ್ನಿಗೆ, ಅಲ್ಲಿಂದ ತುಮಕೂರಿಗೆ ಹೋದೆವು. ಬೆಳಗಿನ ಜಾವ ಹಳಿ ನೋಡಿಕೊಂಡು ನಡೆಯುವ ಕೀಮ್ಯಾನ್ ಒಬ್ಬರು ಹಳಿ ಪಕ್ಕ ಒಂದು ದೇಹ ನೋಡಿ ಸ್ಟೇಷನ್ ಮಾಸ್ಟರಿಗೆ ಹೇಳಿದ್ದರು. ಗುರುತು ಹಿಡಿದಿದ್ದು ನಾನೇ. ಅದರ ಬಗ್ಗೆ ಜಾಸ್ತಿ ಬರೆಯಲು ನನ್ನಿಂದ ಆಗುವುದಿಲ್ಲ.

ಮೊದಲ ತೊಡಕು ಅಲ್ಲೇ ಶುರುವಾಯಿತು. ಹಳಿ ಮೇಲೆ ಅಥವಾ ಪಕ್ಕದಲ್ಲಿ ದೇಹ ಸಿಕ್ಕಿದರೆ ಸ್ಟೇಷನ್ ಮಾಸ್ಟರ್ ರೈಲ್ವೆ ಪೊಲೀಸರಿಗೆ ಒಂದು ಮೆಮೊ ಕೊಡುತ್ತಾರೆ. ನಮ್ಮ ಮೆಮೊದಲ್ಲಿ "ಅಪರಿಚಿತ ಗಂಡಸಿನ ಶವ, ಯಾವುದೋ ರೈಲಿಗೆ ಸಿಕ್ಕಿ ಸತ್ತಂತಿದೆ" ಅನ್ನುವ ಅರ್ಥದ ಮಾತಿತ್ತು. ಅದನ್ನು ಬರೆದವರಿಗೆ ಆಗ ಗೊತ್ತಿದ್ದುದು ಅಷ್ಟೇ. ಆದರೆ ಕಾನೂನಿನ ಕಣ್ಣಲ್ಲಿ ಹಳಿ ದಾಟುವಾಗ ರೈಲಿಗೆ ಸಿಕ್ಕವನೂ ರೈಲಿನಿಂದ ಬಿದ್ದವನೂ ಬೇರೆ ಬೇರೆ. ಹಳಿ ದಾಟುವುದು ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅತಿಕ್ರಮ ಪ್ರವೇಶ. ಅಂಥವರ ಮನೆಯವರಿಗೆ ಟ್ರಿಬ್ಯೂನಲ್‌ನಲ್ಲಿ ಪರಿಹಾರ ಸಿಗುವುದಿಲ್ಲ. ಪ್ರಯಾಣಿಕ ಚಲಿಸುವ ರೈಲಿನಿಂದ ಆಕಸ್ಮಿಕವಾಗಿ ಬಿದ್ದರೆ ಅದು 123ನೇ ಸೆಕ್ಷನ್ನಿನ 'ಅಹಿತಕರ ಘಟನೆ'ಯಲ್ಲಿ ಬರುತ್ತದೆ. 124ಎ ಸೆಕ್ಷನ್ ಪ್ರಕಾರ ಪರಿಹಾರ ಕೊಡಲೇಬೇಕು.

ನನಗೆ ಆವತ್ತು ಇದೊಂದೂ ಗೊತ್ತಿರಲಿಲ್ಲ. ಅಲ್ಲಿದ್ದ ವಯಸ್ಸಾದ ಹೆಡ್ ಕಾನ್‌ಸ್ಟೇಬಲ್ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ನೋಡಪ್ಪಾ, ನಿಮ್ಮಣ್ಣ ರೈಲಲ್ಲಿ ಬರ್ತಿದ್ದ ಅಂತ ನಿಂಗೆ ಗೊತ್ತಿದೆ ತಾನೆ? ಹಾಗಾದರೆ ಅದನ್ನ ಈಗಲೇ ಬರೆದು ಕೊಡು. ಆಮೇಲೆ ಬಂದು ಹೇಳಿದರೆ ಯಾರೂ ನಂಬಲ್ಲ" ಅಂದರು. ಅವರ ಋಣ ನಮ್ಮ ಮನೆ ಮೇಲಿದೆ. ಅಲ್ಲೇ ಬೆಂಚಿನ ಮೇಲೆ ಕೂತು ಬರೆದೆ: ಅಣ್ಣ ಯಾವ ರೈಲು ಹತ್ತಿದ್ದ, ಎಲ್ಲಿಂದ ಎಲ್ಲಿಗೆ, ಪಾಸು ಇತ್ತು, ಜೊತೆಯಲ್ಲಿದ್ದವರು ಯಾರು, ಕೊನೆಗೆ ಎಲ್ಲಿ ನೋಡಿದರು. ಅಸಹಜ ಸಾವಿನ ಪ್ರಕರಣ, ಅಂದರೆ ಯುಡಿಆರ್, ದಾಖಲಾಗಿದ್ದು ನನ್ನ ಈ ಹೇಳಿಕೆಯ ಜೊತೆಗೆ. ಆಗ ಅದಕ್ಕೆ ಹಳೆಯ ಅಪರಾಧ ಪ್ರಕ್ರಿಯಾ ಕಾನೂನು ಸಿಆರ್‌ಪಿಸಿಯ 174ನೇ ಸೆಕ್ಷನ್ ಇತ್ತು. 2024ರ ಜುಲೈ 1ರಿಂದ ಅದರ ಬದಲು ಬಂದ ಬಿಎನ್‌ಎಸ್‌ಎಸ್‌ನಲ್ಲಿ ಅದು 194ನೇ ಸೆಕ್ಷನ್.

ಇನ್ನೊಂದು ವಿಷಯ. ಶವ ಮಹಜರು, ಸ್ಥಳ ಮಹಜರು ಬರೆಯುವಾಗ ಮನೆಯವರು ಯಾರಾದರೂ ಒಬ್ಬರು ಗಟ್ಟಿ ಮನಸ್ಸು ಮಾಡಿ ಹತ್ತಿರ ನಿಂತಿರಬೇಕು. ದೇಹ ಯಾವ ಹಳಿಯ ಪಕ್ಕ ಇತ್ತು, ಎಷ್ಟು ಅಡಿ ದೂರ, ಯಾವ ಕಿಲೋಮೀಟರ್ ಕಲ್ಲಿನ ಹತ್ತಿರ, ಪಕ್ಕದಲ್ಲಿ ಏನೇನು ಸಿಕ್ಕಿತು, ಎಲ್ಲವೂ ಅದರಲ್ಲಿ ಬರಬೇಕು. ನಮ್ಮ ಅಣ್ಣ ತುಮಕೂರು ಕಡೆ ಹೋಗುವ ಹಳಿಯ ಹೊರಬದಿಯಲ್ಲಿ ಬಿದ್ದಿದ್ದ. ಊಟದ ಡಬ್ಬಿ ಇದ್ದ ಬ್ಯಾಗು ಸ್ವಲ್ಪ ದೂರದಲ್ಲಿತ್ತು. ಫೋನ್ ಒಡೆದು ಹೋಗಿತ್ತು. ಜೇಬಲ್ಲಿ ಟಿಕೆಟ್ ಇರಲಿಲ್ಲ. ಯಾಕೆಂದರೆ ಅವನ ಪಾಸು ಇದ್ದದ್ದು ಫೋನಿನ ಯುಟಿಎಸ್ ಅನ್ನುವ ರೈಲ್ವೆ ಟಿಕೆಟ್ ಆ್ಯಪಿನಲ್ಲಿ. ಮಹಜರಿನಲ್ಲಿ "ಟಿಕೆಟ್ ಸಿಕ್ಕಿಲ್ಲ" ಅಂತ ಬರೆದರು. "ಒಡೆದ ಫೋನ್ ಸಿಕ್ಕಿದ್ದನ್ನೂ ಬರೀರಿ ಸಾರ್" ಅಂತ ಕೇಳಿಕೊಂಡೆ, ಬರೆದರು. ಮುಂದೆ ಆ ಒಂದು ಸಾಲು ನಮಗೆ ಎಷ್ಟು ಆಸರೆಯಾಯಿತು ಅಂತ ಹೇಳುತ್ತೇನೆ.

ಮರಣೋತ್ತರ ಪರೀಕ್ಷೆಗೆ ಮಧ್ಯಾಹ್ನದವರೆಗೂ ಕಾದೆವು. ಅದಕ್ಕೆ ದುಡ್ಡು ಕೊಡಬೇಕಿಲ್ಲ. ಊರಿಗೆ ತರಲು ಆಂಬುಲೆನ್ಸಿಗೆ 6 ಸಾವಿರ ಕೇಳಿದರು, ಕೊಟ್ಟೆವು. ಆ ಹೊತ್ತಲ್ಲಿ ಚೌಕಾಸಿ ಮಾಡಲು ಯಾರಿಗೆ ತಾನೆ ಮನಸ್ಸಿರುತ್ತೆ? ಶವಾಗಾರದ ಹೊರಗೇ ಒಬ್ಬ ಬಂದು ಕಾರ್ಡು ಕೊಟ್ಟ. "ಎಲ್ಲಾ ನಾವೇ ನೋಡ್ಕೋತೀವಿ, ಒಂದು ಸಹಿ ಸಾಕು, ಬಂದಿದ್ದರಲ್ಲಿ ಅರ್ಧ ಅರ್ಧ" ಅಂದ. ಅಣ್ಣನ ದೇಹ ಇನ್ನೂ ಒಳಗಿತ್ತು. ನನಗೆ ಬಂದ ಸಿಟ್ಟು ಹೇಳತೀರದು. ದಯವಿಟ್ಟು ಇಂಥವರಿಗೆ ಖಾಲಿ ಕಾಗದದ ಮೇಲಾಗಲಿ ವಕಾಲತ್ತಿನ ಮೇಲಾಗಲಿ ಸಹಿ ಹಾಕಬೇಡಿ. ಬಂದ ಪರಿಹಾರದಲ್ಲಿ ಇಷ್ಟು ಪಾಲು ಅಂತ ವಕೀಲರು ಫೀಸು ಮಾತಾಡುವುದೇ ಬಾರ್ ಕೌನ್ಸಿಲ್ ನಿಯಮಕ್ಕೆ ವಿರುದ್ಧ. ವಕೀಲರಿಗೆ ಕೊಡಲು ದುಡ್ಡಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಕೇಳುವ ಹಕ್ಕಿದೆ. ನಮ್ಮ ಮಾವನವರಿಗೆ ಪರಿಚಯ ಇದ್ದ ವಕೀಲೆಯೊಬ್ಬರು ಒಟ್ಟು 40 ಸಾವಿರ ಅಂತ ಮೊದಲೇ ಹೇಳಿ, ಕಂತಿನಲ್ಲಿ ತೆಗೆದುಕೊಂಡರು.

ತಿಥಿ ಎಲ್ಲಾ ಮುಗಿದ ಮೇಲೆ ಕಾಗದದ ಓಡಾಟ. ಮರಣ ಪ್ರಮಾಣಪತ್ರಕ್ಕೆ ನಮ್ಮ ಪಂಚಾಯ್ತಿಗೆ ಹೋದರೆ, "ಇಲ್ಲಿ ಆಗಲ್ಲ" ಅಂದರು. ಸಾವು ಎಲ್ಲಿ ಆಗಿದೆಯೋ ಅಲ್ಲೇ ನೋಂದಣಿ ಆಗಬೇಕು. ಅಣ್ಣ ಬಿದ್ದ ಜಾಗ ಯಾವ ಪಂಚಾಯ್ತಿಗೆ ಸೇರುತ್ತದೆ ಅಂತ ಹುಡುಕಿಕೊಂಡು ಹೋಗಬೇಕಾಯಿತು. 21 ದಿನದೊಳಗೆ ನೋಂದಣಿ ಮಾಡಿಸಿದರೆ ಸುಲಭ. ಆಮೇಲೆ ದಂಡ, ಅನುಮತಿ ಅಂತ ಒಂದಕ್ಕೊಂದು ಸೇರಿಕೊಳ್ಳುತ್ತದೆ. ಅದಾದ ಮೇಲೆ ನಾಡಕಚೇರಿಯಲ್ಲಿ ವಂಶವೃಕ್ಷ, ಬದುಕಿರುವ ಕುಟುಂಬ ಸದಸ್ಯರ ಪ್ರಮಾಣಪತ್ರ. ಅತ್ತಿಗೆಯ ಹೆಸರು ಆಧಾರ್‌ನಲ್ಲಿ ಒಂದು ಥರ, ರೇಷನ್ ಕಾರ್ಡಿನಲ್ಲಿ ಒಂದು ಥರ. ಇಬ್ಬರೂ ಒಬ್ಬರೇ ಅಂತ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿದೆವು. ಪ್ಯಾನ್ ಕಾರ್ಡ್ ಇರಲೇ ಇಲ್ಲ, ಅದಕ್ಕೂ ಅರ್ಜಿ. ಅಣ್ಣನ ಮಗಳಿಗೆ ಆಗ ಆರು ವರ್ಷ. ಅವಳ ಜನನ ಪತ್ರದಲ್ಲಿ ಅಪ್ಪನ ಇನಿಷಿಯಲ್ ತಪ್ಪಿತ್ತು. ಇದೆಲ್ಲ ಕೇಸು ಹಾಕುವ ಮೊದಲೇ ಸರಿ ಮಾಡಿಸಿಕೊಳ್ಳಿ. ತೀರ್ಪು ಬಂದ ಮೇಲೆ ಇನಿಷಿಯಲ್ ತಪ್ಪಿದೆ ಅಂತ ದುಡ್ಡು ನಿಂತವರನ್ನು ನೋಡಿದ್ದೇನೆ.

ಅಣ್ಣನ ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ ಎರಡು ಉಪಯೋಗ ಆಯಿತು. ಒಂದು, ಯುಟಿಎಸ್‌ಗೆ ಯುಪಿಐನಲ್ಲಿ ಪಾಸಿನ ದುಡ್ಡು ಕಟ್ಟಿದ್ದು ತಾರೀಖಿನ ಸಮೇತ ಅದರಲ್ಲಿತ್ತು. ಇನ್ನೊಂದು, ಮೇ ಕೊನೆಯಲ್ಲಿ 20 ರೂಪಾಯಿ ಕಡಿತ ಆಗಿತ್ತು. ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ. ಅಪಘಾತದಲ್ಲಿ ಸತ್ತರೆ 2 ಲಕ್ಷ. ಬ್ಯಾಂಕಿನವರೇ ಫಾರಂ ಕೊಟ್ಟರು, ಅದು ಬೇಗ ಬಂತು. ಆ ದುಡ್ಡಿಲ್ಲದಿದ್ದರೆ ಆ ವರ್ಷ ಮಗುವಿನ ಸ್ಕೂಲ್ ಫೀಸು ಕಟ್ಟುವುದೂ ಕಷ್ಟ ಇತ್ತು. ಮನೆಯಲ್ಲಿ ಯಾರೇ ಹೀಗೆ ತೀರಿಕೊಂಡರೂ ಅವರ ಎಲ್ಲಾ ಖಾತೆಗಳ ಪಾಸ್‌ಬುಕ್ ಮೊದಲು ನೋಡಿ. ಐಆರ್‌ಸಿಟಿಸಿಯಲ್ಲಿ ರಿಸರ್ವೇಷನ್ ಮಾಡಿಸಿದ್ದವರಾದರೆ, 45 ಪೈಸೆಯ ವಿಮೆಗೆ ಒಪ್ಪಿಗೆ ಕೊಟ್ಟಿದ್ದರಾ ಅಂತ ಮೆಸೇಜು, ಮೇಲ್ ಹುಡುಕಿ. ಅದರಲ್ಲಿ ಸಾವಿಗೆ 10 ಲಕ್ಷ ಇದೆ. ನಮ್ಮಂಥ ಜನರಲ್ ಬೋಗಿಯ ಪಾಸಿನವರಿಗೆ ಅದು ಸಿಗುವುದಿಲ್ಲ.

ವಕೀಲೆ ಮೇಡಂ ಮೊದಲ ದಿನ ಹೇಳಿದ್ದು ನನಗೆ ಈಗಲೂ ನೆನಪಿದೆ. ನಾನು, "ಬಾಗಿಲಲ್ಲಿ ನಿಂತಿದ್ದ ಅಂತ ಅವನದೇ ತಪ್ಪು ಅಂತಾರಾ ಮೇಡಂ?" ಅಂತ ಕೇಳಿದೆ. ಅತ್ತಿಗೆಗೂ ಅದೇ ಭಯ ಇತ್ತು. ಊರಲ್ಲಿ ಕೆಲವರು ಆಗಲೇ ಹಾಗೆ ಮಾತಾಡಿದ್ದರು. ಮೇಡಂ, "ಈ ಕಾನೂನು ತಪ್ಪು ಯಾರದು ಅಂತ ಕೇಳಲ್ಲ. ಎರಡೇ ವಿಷಯ ಕೇಳುತ್ತೆ. ಅವರು ಪ್ರಯಾಣಿಕರಾ? ರೈಲಿನಿಂದ ಬಿದ್ದರಾ? ಈ ಎರಡನ್ನು ನಾವು ತೋರಿಸೋಣ" ಅಂದರು. ಅತ್ತಿಗೆ ಅವತ್ತು ಮನೆಗೆ ಬಂದ ಮೇಲೆ ಅತ್ತರು. ಗಂಡನ ತಪ್ಪು ಅಂತ ಯಾರೂ ಬರೆಯುವುದಿಲ್ಲ ಅನ್ನುವುದೇ ಅವರಿಗೆ ದೊಡ್ಡ ಸಮಾಧಾನ.

ಇದರ ಹಿಂದಿನ ಕಾನೂನನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ರೈಲು ಹಳಿ ತಪ್ಪಿದರೆ, ಡಿಕ್ಕಿ ಹೊಡೆದರೆ ಅದು 124ನೇ ಸೆಕ್ಷನ್. 2023ರ ಜೂನ್ 2ರಂದು ಒಡಿಶಾದ ಬಾಲೇಶ್ವರದ ಹತ್ತಿರ ಆದದ್ದು ಆ ಥರದ್ದು. ಒಬ್ಬ ಪ್ರಯಾಣಿಕ ಬಿದ್ದು ಸತ್ತರೆ ಮೊದಲು ಈ ಕಾಯ್ದೆಯಲ್ಲಿ ಜಾಗವೇ ಇರಲಿಲ್ಲ. 1994ರ ತಿದ್ದುಪಡಿಯಲ್ಲಿ 124ಎ ಸೇರಿತು, ಆ ವರ್ಷದ ಆಗಸ್ಟ್ 1ರಿಂದ ಜಾರಿಗೆ ಬಂತು. ರೈಲ್ವೆಯ ಕಡೆಯಿಂದ ತಪ್ಪಾಗಿರಲಿ ಇಲ್ಲದಿರಲಿ, ಪರಿಹಾರ ಕೊಡಬೇಕು ಅನ್ನುವ ಮಾತು ಅದರಲ್ಲೇ ಇದೆ. ಐದು ಸಂದರ್ಭ ಮಾತ್ರ ಹೊರಗೆ: ಆತ್ಮಹತ್ಯೆ ಅಥವಾ ಅದರ ಪ್ರಯತ್ನ, ತಾನೇ ಮಾಡಿಕೊಂಡ ಗಾಯ, ತನ್ನದೇ ಅಪರಾಧ ಕೃತ್ಯ, ಕುಡಿದ ಅಮಲು ಅಥವಾ ಬುದ್ಧಿಭ್ರಮಣೆ, ಸಹಜ ಕಾಯಿಲೆ. ಎದುರು ಕಡೆಯವರು ಏನೇ ವಾದ ಮಾಡಿದರೂ ಕೊನೆಗೆ ಈ ಐದರಲ್ಲಿ ಒಂದಕ್ಕೆ ತಂದು ನಿಲ್ಲಿಸಲು ನೋಡುತ್ತಾರೆ.

ಸುಪ್ರೀಂ ಕೋರ್ಟ್ ಕೂಡ ಇದನ್ನು ಮತ್ತೆ ಮತ್ತೆ ಹೇಳಿದೆ. 2008ರ ಪ್ರಭಾಕರನ್ ವಿಜಯಕುಮಾರ್ ಪ್ರಕರಣದಲ್ಲಿ ಕೇರಳದ ಹೆಂಗಸೊಬ್ಬರು ರೈಲು ಹತ್ತಲು ಹೋಗಿ ಬಿದ್ದಿದ್ದರು. ಅಲ್ಲೂ ಪರಿಹಾರ ಕೊಡಲೇಬೇಕು ಅಂತಾಯಿತು. 2010ರ ಜಮೀಲಾ ಪ್ರಕರಣದಲ್ಲಿ, ತೆರೆದ ಬಾಗಿಲ ಹತ್ತಿರ ಅಜಾಗರೂಕತೆಯಿಂದ ನಿಂತಿದ್ದ ಅಂತಲೇ ಇಟ್ಟುಕೊಂಡರೂ ಅದು ಅಪರಾಧ ಕೃತ್ಯ ಆಗುವುದಿಲ್ಲ ಅಂದರು. ನಮಗೆ ಜಾಸ್ತಿ ನೆರವಾಗಿದ್ದು 2018ರ ಮೇ 9ರ ರೀನಾ ದೇವಿ ತೀರ್ಪು. ದೇಹದ ಹತ್ತಿರ ಟಿಕೆಟ್ ಸಿಗಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಅವರು ಪ್ರಯಾಣಿಕರಲ್ಲ ಅನ್ನುವ ಹಾಗಿಲ್ಲ. ಮನೆಯವರು ಗೊತ್ತಿರುವ ಸಂಗತಿಯನ್ನೆಲ್ಲ ಅಫಿಡವಿಟ್‌ನಲ್ಲಿ ಹೇಳಿದರೆ, ಆಮೇಲೆ ಅಲ್ಲ ಅಂತ ತೋರಿಸುವ ಹೊಣೆ ರೈಲ್ವೆಯದು. ಹಾಗಂತ ಬರೀ ದೇಹ ಹಳಿ ಪಕ್ಕ ಸಿಕ್ಕಿತು ಅಂದರೆ ಸಾಲದು ಅಂತಲೂ ಆ ತೀರ್ಪು ಹೇಳುತ್ತದೆ. ಅದಕ್ಕೇ ಮೊದಲ ದಿನದ ಹೇಳಿಕೆ ಅಷ್ಟು ಮುಖ್ಯ.

ಘಟನೆ ಆದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ತಡವಾದರೆ ಸರಿಯಾದ ಕಾರಣ ತೋರಿಸಿ ಮನ್ನಿಸಿ ಅಂತ ಕೇಳಬಹುದು, ಆದರೆ ಸುಮ್ನೆ ಆ ತಲೆನೋವು ಯಾಕೆ. ಪ್ರಯಾಣಿಕರ ಸಾವು ಮತ್ತು ಗಾಯದ ಅರ್ಜಿಗೆ ಟ್ರಿಬ್ಯೂನಲ್ ಶುಲ್ಕ ಇಲ್ಲ. ಟಿಕೆಟ್ ಕೊಂಡ ಊರು, ಘಟನೆ ನಡೆದ ಜಾಗ, ಇಳಿಯಬೇಕಿದ್ದ ಊರು, ಅರ್ಜಿದಾರರು ವಾಸ ಇರುವ ಊರು, ಇವುಗಳಲ್ಲಿ ಯಾವುದಕ್ಕೆ ಸೇರಿದ ಪೀಠವಾದರೂ ನಡೆಯುತ್ತದೆ. ಇದು ಹೊರರಾಜ್ಯದಲ್ಲಿ ಘಟನೆ ಆದವರಿಗೆ ಗೊತ್ತಿರಲಿ. ಮುಂಬೈಗೋ ಚೆನ್ನೈಗೋ ಓಡಬೇಕಿಲ್ಲ. ಬೆಂಗಳೂರಲ್ಲೇ ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್‌ನ ಪೀಠ ಇದೆ. ನಾವು ಹಾಕಿದ್ದು ಅಲ್ಲೇ.

ಅರ್ಜಿದಾರರು ಅತ್ತಿಗೆ, ಮಗಳು ಮತ್ತು ಅಮ್ಮ. ತಮ್ಮನಾದ ನಾನು ಕಾನೂನಿನ ಪ್ರಕಾರ ಅವಲಂಬಿತ ಅಲ್ಲ. ಗಂಡ, ಹೆಂಡತಿ, ಮಕ್ಕಳು ಸಹಜವಾಗಿ ಬರುತ್ತಾರೆ. ಸತ್ತವರಿಗೆ ಮದುವೆ ಆಗಿದ್ದರೆ, ಅವರ ದುಡಿಮೆಯ ಮೇಲೆ ಬದುಕಿದ್ದೆವು ಅಂತ ತಂದೆತಾಯಿ ತೋರಿಸಬೇಕು. ಅಮ್ಮನ ಹೆಸರು ಸೇರಿಸಲು ಅತ್ತಿಗೆಯೇ ಮೊದಲು ಹೇಳಿದ್ದು. ಎಷ್ಟೋ ಮನೆಗಳಲ್ಲಿ ಇಲ್ಲೇ ಜಗಳ ಶುರುವಾಗುತ್ತದೆ. ನಮ್ಮ ಮನೆಯಲ್ಲಿ ಆಗಲಿಲ್ಲ, ಅದು ಅತ್ತಿಗೆಯ ದೊಡ್ಡತನ.

ಅರ್ಜಿ ಹಾಕಲು ತಡವಾಗಿದ್ದು ಪೊಲೀಸರ ಅಂತಿಮ ವರದಿಗೆ ಕಾದಿದ್ದರಿಂದ. ಮರಣೋತ್ತರ ಪರೀಕ್ಷೆಯಲ್ಲಿ ಒಳಾಂಗಗಳ ಮಾದರಿ ತೆಗೆದು ಎಫ್‌ಎಸ್‌ಎಲ್‌ಗೆ, ಅಂದರೆ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ, ಕಳಿಸಿದ್ದರು. ಆ ವರದಿ ಬರಲು ತಿಂಗಳುಗಟ್ಟಲೆ ಹಿಡಿಯಿತು. ನಮಗೆ ಆತಂಕ ಇರಲಿಲ್ಲ, ಅಣ್ಣ ಕುಡಿಯುತ್ತಿರಲಿಲ್ಲ. ಆದರೂ ಆ ಕಾಗದ ಕೈಗೆ ಬಂದು ಮದ್ಯದ ಅಂಶ ಇಲ್ಲ ಅಂತ ಓದುವವರೆಗೂ ಎದೆಯೊಳಗೆ ಏನೋ ಒಂದು ಭಾರ. ತಲೆಗೆ ಪೆಟ್ಟು, ಬೆನ್ನು ಮತ್ತು ಭುಜದಲ್ಲಿ ಮೂಳೆ ಮುರಿತ, ತರಚಿದ ಗಾಯ ಅಂತ ವೈದ್ಯರ ವರದಿಯಲ್ಲಿತ್ತು. ಚಲಿಸುವ ರೈಲಿನಿಂದ ಬಿದ್ದರೆ ಆಗುವ ಗಾಯಗಳು ಇವು ಅಂತ ಮೇಡಂ ಹೇಳಿದರು. ಜೊತೆಯಲ್ಲಿದ್ದ ಪ್ರಯಾಣಿಕರ ಹೇಳಿಕೆಯನ್ನೂ ಪೊಲೀಸರು ಬರೆದುಕೊಂಡರು. ಅದಕ್ಕಾಗಿ ಅವರು ಒಂದು ದಿನದ ಸಂಬಳ ಬಿಟ್ಟು ಠಾಣೆಗೆ ಬಂದರು. ಕೊನೆಗೆ ಅಂತಿಮ ವರದಿಯಲ್ಲಿ, ರೈಲಿನಲ್ಲಿ ಬರುವಾಗ ಜನಸಂದಣಿಯಲ್ಲಿ ಆಯ ತಪ್ಪಿ ಬಿದ್ದು ಮೃತಪಟ್ಟಿದ್ದಾರೆ ಅಂತ ಬಂತು. ಯುಡಿಆರ್, ಎರಡೂ ಮಹಜರು, ಮರಣೋತ್ತರ ವರದಿ, ಅಂತಿಮ ವರದಿ, ಸ್ಟೇಷನ್ ಮಾಸ್ಟರ್ ಮೆಮೊ, ಎಲ್ಲದಕ್ಕೂ ದೃಢೀಕೃತ ನಕಲು ತೆಗೆದುಕೊಳ್ಳಿ. ಜೆರಾಕ್ಸ್ ಸಾಲದು.

ಅರ್ಜಿ ದಾಖಲಾದ ಮೇಲೆ ಎದುರು ಕಡೆಯಿಂದ ಲಿಖಿತ ಉತ್ತರ ಬಂತು. ಕಾನೂನಿನಲ್ಲಿ ಎದುರುದಾರರು ಅಂದರೆ ಭಾರತ ಒಕ್ಕೂಟ, ಆಯಾ ವಲಯದ ಜನರಲ್ ಮ್ಯಾನೇಜರ್ ಮೂಲಕ. ಜೊತೆಗೆ ಡಿಆರ್‌ಎಂ, ಅಂದರೆ ವಿಭಾಗೀಯ ರೈಲ್ವೆ ಮ್ಯಾನೇಜರ್, ವರದಿ ಅಂತ ಒಂದು ಇರುತ್ತದೆ. ಇಂಥ ಪ್ರತಿ ಘಟನೆಯನ್ನೂ ರೈಲ್ವೆ ರಕ್ಷಣಾ ಪಡೆ (ಆರ್‌ಪಿಎಫ್) ತನಿಖೆ ಮಾಡಬೇಕು ಅಂತ 2003ರ ನಿಯಮ ಇದೆ. ಉತ್ತರದಲ್ಲಿ ಇದ್ದದ್ದು ಇಷ್ಟು: ಟಿಕೆಟ್ ಸಿಕ್ಕಿಲ್ಲ, ಬಿದ್ದಿದ್ದನ್ನು ಯಾರೂ ನೋಡಿಲ್ಲ, ಯಾರೂ ಚೈನ್ ಎಳೆದಿಲ್ಲ, ಹಳಿ ದಾಟುವಾಗ ಆಗಿರಬಹುದು, ಅಥವಾ ತಾನೇ ಮಾಡಿಕೊಂಡಿರಬಹುದು. ಆ ಕೊನೆಯ ಸಾಲು ಓದಿ ಅಮ್ಮನಿಗೆ ಹೇಳುವುದೋ ಬೇಡವೋ ಅಂತ ತೋಚಲಿಲ್ಲ. ಇಂಥ ಉತ್ತರ ಎಲ್ಲಾ ಕೇಸಲ್ಲೂ ಹೆಚ್ಚುಕಡಿಮೆ ಹೀಗೇ ಇರುತ್ತೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಂತ ಮೇಡಂ ಮೊದಲೇ ಹೇಳಿದ್ದರು. ಹೇಳಿದ್ದರೂ ನೋವಾಗುತ್ತದೆ.

ಟಿಕೆಟ್ ವಿಷಯಕ್ಕೆ ಇಲ್ಲಿ ಬರಬೇಕು. ಮಹಜರಿನಲ್ಲಿ ಒಡೆದ ಫೋನ್ ಇತ್ತಲ್ಲ, ಪಾಸ್‌ಬುಕ್ಕಲ್ಲಿ ಯುಟಿಎಸ್‌ಗೆ ದುಡ್ಡು ಹೋಗಿತ್ತಲ್ಲ. ಇವೆರಡನ್ನೂ ಇಟ್ಟುಕೊಂಡು ಮೇಡಂ ಒಂದು ಅರ್ಜಿ ಹಾಕಿದರು. ಈ ಮೊಬೈಲ್ ನಂಬರಿನಲ್ಲಿ ಆ ತಿಂಗಳು ಪಾಸು ಇತ್ತೋ ಇಲ್ಲವೋ, ರೈಲ್ವೆಯ ದಾಖಲೆ ತರಿಸಿ ಅಂತ. ಮುಂದಿನ ತಾರೀಖು, ಅದರ ಮುಂದಿನ ತಾರೀಖು ಅಂತ ಕಾದೆವು. ಕೊನೆಗೆ ದಾಖಲೆ ಬಂತು. ಪಾಸು ಚಾಲ್ತಿಯಲ್ಲಿತ್ತು. ಎಲ್ಲಿಂದ ಎಲ್ಲಿಗೆ ಅನ್ನುವುದೂ ಸರಿ ಇತ್ತು. ಆ್ಯಪಿನಲ್ಲಿ ಪಾಸು ಮಾಡಿಸುವವರು ಮನೆಯವರಿಗೆ ಆ ಮೊಬೈಲ್ ನಂಬರ್, ಯಾವ ಖಾತೆಯಿಂದ ದುಡ್ಡು ಹೋಗುತ್ತೆ ಅನ್ನುವುದನ್ನು ತಿಳಿಸಿಟ್ಟಿರಿ. ಕಾಗದದ ಪಾಸು ಇರುವವರು ಅದರ ಒಂದು ಫೋಟೊ ಮನೆಯವರಿಗೆ ಕಳಿಸಿ. ಈಗ ನಾನು ನನ್ನ ಪಾಸಿಗೂ ಹಾಗೇ ಮಾಡುತ್ತೇನೆ.

ವಿಚಾರಣೆಗೆ ಅತ್ತಿಗೆ ಹೋಗಲೇಬೇಕಿತ್ತು. ಮೊದಲನೇ ಸಾಕ್ಷಿ ಅವರೇ. ಮುಖ್ಯ ವಿಚಾರಣೆ ಅಫಿಡವಿಟ್‌ನಲ್ಲೇ ಮುಗಿಯುತ್ತದೆ, ಆಮೇಲೆ ಪಾಟಿ ಸವಾಲು. ಬೆಳಿಗ್ಗೆ ಅದೇ ರೈಲಲ್ಲಿ ಬೆಂಗಳೂರಿಗೆ ಹೋಗಬೇಕಾ ಅಂತ ಅತ್ತಿಗೆ ಕೇಳಿದರು. ಬೇಡ ಅಂತ ಬಸ್ಸಲ್ಲಿ ಕರೆದುಕೊಂಡು ಹೋದೆ. ಪೀಠದಲ್ಲಿ ಒಬ್ಬರು ನ್ಯಾಯಾಂಗ ಸದಸ್ಯರು, ಒಬ್ಬರು ತಾಂತ್ರಿಕ ಸದಸ್ಯರು. ಸಿನಿಮಾ ಕೋರ್ಟಿನ ಹಾಗೆ ಗದ್ದಲ ಏನಿಲ್ಲ. ಆದರೆ ಎದುರು ಕಡೆಯ ವಕೀಲರ ಪ್ರಶ್ನೆಗಳು ಚುಚ್ಚುತ್ತವೆ.

"ನೀವು ಅವತ್ತು ಅವರ ಜೊತೆ ರೈಲಲ್ಲಿ ಇದ್ದಿರಾ?"

"ಇಲ್ಲ ಸಾರ್."

"ಅವರು ಬಿದ್ದಿದ್ದನ್ನು ನೀವು ನೋಡಿದ್ದೀರಾ?"

"ಇಲ್ಲ."

"ಮನೆಯಲ್ಲಿ ಸಾಲ ಇತ್ತಾ? ನಿಮ್ಮಿಬ್ಬರ ನಡುವೆ ಜಗಳ ಆಗಿತ್ತಾ?"

ಅತ್ತಿಗೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಬರುವಾಗ ಮಗಳಿಗೆ ಬಣ್ಣದ ಪೆನ್ಸಿಲ್ ತರ್ತೀನಿ ಅಂತ ಸಂಜೆ ಫೋನಲ್ಲಿ ಹೇಳಿದ್ದರು ಸಾರ್" ಅಂದರು. ನನಗೂ ಅದು ಅವತ್ತೇ ಗೊತ್ತಾಗಿದ್ದು. ಬ್ಯಾಗಿನಲ್ಲಿ ಡಬ್ಬಿಯ ಜೊತೆ ಪೆನ್ಸಿಲ್ ಪೆಟ್ಟಿಗೆ ಇದ್ದದ್ದು ಸ್ಥಳ ಮಹಜರಿನಲ್ಲಿ ಬರೆದಿತ್ತು. ಮೇಡಂ ಆ ಪುಟ ತೆಗೆದು ಪೀಠಕ್ಕೆ ತೋರಿಸಿದರು.

ಸಾಕ್ಷಿ ಹೇಳುವವರಿಗೆ ಒಂದು ಮಾತು. ನೋಡದ್ದನ್ನು ನೋಡಿದೆ ಅನ್ನಬೇಡಿ. ಯಾರೋ ಹೇಳಿಕೊಟ್ಟರು ಅಂತ ಅಣ್ಣನ ಕೈ ಜಾರಿದ್ದು ನೋಡಿದೆ ಅಂದಿದ್ದರೆ ಇಡೀ ಕೇಸು ಬಿದ್ದು ಹೋಗುತ್ತಿತ್ತು. ಎರಡನೇ ಸಾಕ್ಷಿಯಾಗಿ ಬಂದ ಸಹಪ್ರಯಾಣಿಕರು ತಾವು ಕಂಡಷ್ಟನ್ನೇ ಹೇಳಿದರು: ದಾಬಸ್‌ಪೇಟೆಯಲ್ಲಿ ಬಾಗಿಲ ಹತ್ತಿರ ಇದ್ದರು, ಹಿರೇಹಳ್ಳಿ ಹೊತ್ತಿಗೆ ಕಾಣಲಿಲ್ಲ, ಬೋಗಿಯಲ್ಲಿ ಉಸಿರಾಡಲೂ ಜಾಗ ಇರಲಿಲ್ಲ. ತಮ್ಮ ಪಾಸನ್ನೂ ತೋರಿಸಿದರು. ಅವರು ನಮಗೆ ನೆಂಟರಲ್ಲ, ಒಂದೇ ಬೋಗಿಯಲ್ಲಿ ಓಡಾಡಿದ ಸ್ನೇಹ ಅಷ್ಟೇ.

ವಾದ ನಡೆಯುವ ಹೊತ್ತಿಗೆ, 2025ರ ಜೂನ್ 9ರಂದು, ಮುಂಬೈ ಹತ್ತಿರದ ಮುಂಬ್ರಾದಲ್ಲಿ ತಿರುವಿನಲ್ಲಿ ಎರಡು ಲೋಕಲ್ ರೈಲು ಎದುರುಬದುರು ಹೋಗುವಾಗ ಬಾಗಿಲಲ್ಲಿ ನಿಂತಿದ್ದವರು ಕೆಳಗೆ ಬಿದ್ದರು. ಕನಿಷ್ಠ ನಾಲ್ವರು ಸತ್ತರು. ಟಿವಿಯಲ್ಲಿ ಅದು ಬಂದಾಗ ಅಮ್ಮ ಎದ್ದು ಒಳಗೆ ಹೋದರು. ಬಾಗಿಲಲ್ಲಿ ನಿಲ್ಲುವವರನ್ನು ಬೈಯುವುದು ಸುಲಭ. ಒಳಗೆ ಜಾಗ ಇದ್ದರೆ ಯಾರು ಬಾಗಿಲಲ್ಲಿ ನಿಲ್ಲುತ್ತಾರೆ? ಕೆಲಸಕ್ಕೆ ತಡವಾದರೆ ಸಂಬಳ ಕಡಿತ, ಮುಂದಿನ ರೈಲಿಗೆ ಗಂಟೆಗಟ್ಟಲೆ ಕಾಯಬೇಕು. ಪಾಸಿನವರ ರೈಲುಗಳಿಗೆ ಬೋಗಿ ಹೆಚ್ಚಿಸಬೇಕು, ಬಾಗಿಲು ತಾನೇ ಮುಚ್ಚುವ ವ್ಯವಸ್ಥೆ ಬರಬೇಕು. ಎಂಟು ಲಕ್ಷ ಕೊಡುವುದಕ್ಕಿಂತ ಅದು ಮೊದಲು ಆಗಬೇಕಾದ ಕೆಲಸ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಹೌದು, ಮೊತ್ತ ಎಂಟು ಲಕ್ಷ. ಸಾವಿಗೆ 4 ಲಕ್ಷ ಇದ್ದದ್ದು 2017ರ ಜನವರಿ 1ರಿಂದ 8 ಲಕ್ಷ ಆಯಿತು. ಸತ್ತವರ ವಯಸ್ಸು, ಸಂಬಳ ಯಾವುದನ್ನೂ ನೋಡುವುದಿಲ್ಲ. ರಸ್ತೆ ಅಪಘಾತದ ಕೇಸಿನಲ್ಲಿ ದುಡಿಮೆ ಲೆಕ್ಕ ಹಾಕಿ ಕೊಡುತ್ತಾರೆ, ಇಲ್ಲಿ ಹಾಗಿಲ್ಲ. ಗಾಯ ಆದವರಿಗೆ ಕೈ, ಕಾಲು, ಕಣ್ಣು ಅಂತ ನಿಯಮದಲ್ಲೇ ಪಟ್ಟಿ ಇದೆ. ಅಂಥವರು ಅಂಗವೈಕಲ್ಯದ ಪ್ರಮಾಣಪತ್ರ, ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ ಜೋಪಾನ ಮಾಡಿ. ಅಣ್ಣನಿಗೆ ಮೂವತ್ತೆಂಟು ವಯಸ್ಸು. ಇನ್ನೂ ಇಪ್ಪತ್ತು ವರ್ಷ ದುಡಿಯುತ್ತಿದ್ದ. ಎಂಟು ಲಕ್ಷ ಸಾಕಾ ಅಂತ ಯಾರಾದರೂ ಕೇಳಿದರೆ ಸಾಲದು ಅಂತಲೇ ಹೇಳುತ್ತೇನೆ.

ತೀರ್ಪು ನಮ್ಮ ಪರ ಬಂತು. ಅಣ್ಣ ನೈಜ ಪ್ರಯಾಣಿಕ, ಆಕಸ್ಮಿಕವಾಗಿ ರೈಲಿನಿಂದ ಬಿದ್ದು ತೀರಿಕೊಂಡ, 8 ಲಕ್ಷ ಮತ್ತು ಬಡ್ಡಿ ಕೊಡಬೇಕು ಅಂತ ಆದೇಶ. ಮೇಡಂ ಫೋನಲ್ಲಿ ಓದಿ ಹೇಳಿದರು. ತಾನೇ ಮಾಡಿಕೊಂಡಿದ್ದು ಅಂತ ಹೇಳಲು ಯಾವ ಆಧಾರವೂ ಇಲ್ಲ ಅಂತ ಬರೆದಿದ್ದ ಭಾಗವನ್ನು ಮತ್ತೊಂದು ಸಲ ಓದಿಸಿಕೊಂಡು ಅಮ್ಮನಿಗೆ ಕೇಳಿಸಿದೆ.

ತೀರ್ಪು ಬಂದ ಮರುದಿನವೇ ದುಡ್ಡು ಬರುತ್ತೆ ಅಂದುಕೊಳ್ಳಬೇಡಿ. ಎದುರು ಕಡೆಯವರಿಗೆ ಹೈಕೋರ್ಟಿಗೆ ಮೇಲ್ಮನವಿ ಹೋಗಲು 90 ದಿನ ಇರುತ್ತದೆ. ನಮಗೆ ಕೇಸು ಬಿದ್ದಿದ್ದರೆ ಅದೇ 90 ದಿನ ನಮಗೂ ಇರುತ್ತಿತ್ತು. ನಮ್ಮ ಕೇಸಿನಲ್ಲಿ ಮೇಲ್ಮನವಿ ಆಗಲಿಲ್ಲ. ದುಡ್ಡು ವಕೀಲರ ಕೈಗಾಗಲಿ ಮಧ್ಯವರ್ತಿ ಕೈಗಾಗಲಿ ಬರುವುದಿಲ್ಲ, ನೇರ ಅರ್ಜಿದಾರರ ಖಾತೆಗೆ. ಖಾತೆ ಅವರೊಬ್ಬರ ಹೆಸರಲ್ಲೇ ಇರಬೇಕು, ಜಂಟಿ ಖಾತೆ ಬೇಡ ಅಂದರು. ಅತ್ತಿಗೆಯದು ಜನಧನ ಖಾತೆ, ಕೆವೈಸಿ ಹಳೆಯದಾಗಿತ್ತು. ಅದನ್ನು ಸರಿ ಮಾಡಿಸಿ, ಪಾಸ್‌ಬುಕ್ಕಿನ ಮೊದಲ ಪುಟ, ಆಧಾರ್, ಪ್ಯಾನ್ ಕೊಟ್ಟೆವು. ಪ್ಯಾನ್ ಮೊದಲೇ ಮಾಡಿಸಿದ್ದು ಇಲ್ಲಿ ಅನುಕೂಲ ಆಯಿತು.

ಒಂದು ಭಾಗ ಮಾತ್ರ ಕೈಗೆ ಸಿಗುತ್ತದೆ. ಉಳಿದದ್ದು ಬ್ಯಾಂಕಿನಲ್ಲಿ ಠೇವಣಿ. ಅತ್ತಿಗೆಯ ಠೇವಣಿಯ ಬಡ್ಡಿ ತಿಂಗಳು ತಿಂಗಳು ಅವರ ಖಾತೆಗೆ ಬೀಳುತ್ತದೆ. ಮಗುವಿನ ಪಾಲು ಅವಳಿಗೆ 18 ತುಂಬುವವರೆಗೆ ಮುಟ್ಟುವ ಹಾಗಿಲ್ಲ. ಆ ಠೇವಣಿ ಮೇಲೆ ಸಾಲ ತೆಗೆಯಲೂ ಆಗುವುದಿಲ್ಲ. ಮೊದಲು ಇದು ನಮಗೆ ಕಿರಿಕಿರಿ ಅನಿಸಿತು, ಮನೆ ಮೇಲಿನ ಸಾಲ ತೀರಿಸಬೇಕಿತ್ತು. ಆದರೆ ದುಡ್ಡು ಬಂದ ಸುದ್ದಿ ಗೊತ್ತಾದ ಮೇಲೆ ಅತ್ತಿಗೆಯ ಹತ್ತಿರ ಕೈಸಾಲ ಕೇಳಿ ಬಂದವರನ್ನು ನೋಡಿದಾಗ ಆ ಕಟ್ಟು ಇದ್ದದ್ದೇ ಒಳ್ಳೆಯದಾಯಿತು ಅನಿಸಿದೆ. ತುರ್ತು ಖರ್ಚು ಬಂದರೆ, ಕಾಯಿಲೆಯೋ ಮಗುವಿನ ಓದೋ, ಟ್ರಿಬ್ಯೂನಲ್‌ಗೆ ಅರ್ಜಿ ಹಾಕಿ ಠೇವಣಿ ಮುಂಚೆಯೇ ಬಿಡಿಸಿಕೊಡಿ ಅಂತ ಕೇಳಬಹುದು. ಅದಕ್ಕೆ ಆದೇಶದ ದೃಢೀಕೃತ ನಕಲು ಬೇಕು. ಎರಡು ಪ್ರತಿ ತೆಗೆದಿಟ್ಟುಕೊಳ್ಳಿ, ಒಂದು ಬ್ಯಾಂಕಿನವರು ಇಟ್ಟುಕೊಳ್ಳುತ್ತಾರೆ.